ಮೂರು ಬಣ್ಣಗಳ ಡಿಸ್ಕ್ ಸಂಪುಟ: ನೀಲಿಗಾಗಿಯಾದರೂ ಕೊಳ್ಳಬೇಕು

ಪೋಲೆಂಡಿನ ನಿರ್ದೇಶಕ ಕೀಸ್ಲೋವ್‌ಸ್ಕಿಯ ‘ಥ್ರೀ ಕಲರ್ಸ್’ ಸರಣಿಯ ಮೂರು ಚಿತ್ರಗಳು (1993–94) 4ಕೆ (ಅತಿ ಹೆಚ್ಚು ಸ್ಪಷ್ಟತೆಯ) ಗುಣಮಟ್ಟಕ್ಕೆ ಸಂಸ್ಕರಣೆಗೊಂಡು ಒಂದೇ ಪೆಟ್ಟಿಗೆಯಲ್ಲಿ ದೊರೆಯುತ್ತಿವೆ. ಫ್ರಾನ್ಸಿನ ಧ್ವಜದ ನೀಲಿ, ಬಿಳಿ, ಕೆಂಪುಗಳನ್ನು ಸ್ವಾತಂತ್ರ್ಯ, ಸಮಾನತೆ, ಸೋದರತೆಗಳಿಗೆ ಜೋಡಿಸಿದ ಸರಣಿ ಇದೆಂಬ ವಿವರಣೆ ಎಲ್ಲೆಡೆ ಸಿಗುತ್ತದೆಯಾದರೂ, ತೆರೆಯ ಮೇಲೆ ಈ ಬಣ್ಣಗಳು ಅಷ್ಟು ವಿಧೇಯವಾಗಿ ನಡೆದುಕೊಳ್ಳುವುದಿಲ್ಲ.

‘ಬ್ಲೂ’ ಚಿತ್ರದಲ್ಲಿ ಗಂಡನನ್ನೂ ಮಗಳನ್ನೂ ಅಪಘಾತದಲ್ಲಿ ಕಳೆದುಕೊಂಡ ಜೂಲಿ, ಹಳೆಯ ಬದುಕಿನ ಎಲ್ಲವನ್ನೂ ತೊರೆದು ಹೊರಟರೂ ನೀಲಿ ಗಾಜಿನ ಮಣಿಗಳ ತೂಗುದೀಪವೊಂದನ್ನು ಮಾತ್ರ ಜೊತೆಗೊಯ್ಯುತ್ತಾಳೆ. ಬಿಡುಗಡೆಯನ್ನು ಸೂಚಿಸಬೇಕಾದ ಬಣ್ಣವೇ ಹೀಗೆ ನೆನಪಿನ ಹಿಡಿತವಾಗುತ್ತದೆ. ಆ ಮಣಿಗಳಿಂದ ಚದುರಿ, ಜೂಲಿಯಾಗಿ ನಟಿಸಿದ ಜೂಲಿಯೆಟ್ ಬಿನೋಶ್ ಅವರ ಮುಖದ ಮೇಲೆ ಬೀಳುವ ಬೆಳಕು, ರಾತ್ರಿಯ ಈಜುಕೊಳದ ಗಾಢ ನೀಲಿ, ಇವೆರಡರ ನಡುವಿನ ಛಾಯೆಗಳ ವ್ಯತ್ಯಾಸವನ್ನು ನೋಡಿದರೆ ಛಾಯಾಗ್ರಾಹಕ ಇಜಿಯಾಕ್ ಅವರ ಕೆಲಸ ಎಷ್ಟು ಸೂಕ್ಷ್ಮವೆಂಬುದು ಮನದಟ್ಟಾಗುತ್ತದೆ.

‘ವೈಟ್’ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಅದರ ಹಿಮ, ಮದುವೆಯ ಉಡುಪುಗಳ ಬಿಳುಪು ಕಥೆಗಿಂತ ಹಿಂದೆಯೇ ಉಳಿಯುತ್ತದೆ. ಜಿನೀವಾದಲ್ಲಿ ನಡೆಯುವ ‘ರೆಡ್’ ಚಿತ್ರದಲ್ಲಾದರೋ ಜಾಹೀರಾತು ಫಲಕದ ಕೆಂಪು ಹಿನ್ನೆಲೆ ಕೊನೆಯ ದೃಶ್ಯದವರೆಗೂ ಕೆಲಸ ಮಾಡುತ್ತದೆ.

ಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ: ಸಾಮಾನ್ಯ ಬ್ಲೂ-ರೇ ಡಿಸ್ಕುಗಳಿಗೆ ಪ್ರದೇಶದ ನಿರ್ಬಂಧವಿದ್ದು, ಅಮೆರಿಕದ ‘ಎ’ ವಲಯದ ಪ್ರತಿ ಭಾರತದ ‘ಸಿ’ ವಲಯದ ಪ್ಲೇಯರಿನಲ್ಲಿ ಓಡದಿರಬಹುದು, 4ಕೆ ಡಿಸ್ಕುಗಳಿಗೆ ಸಾಮಾನ್ಯವಾಗಿ ಈ ತೊಡಕಿಲ್ಲ.