ಡೇಟಾಬೇಸ್ ಸರ್ವರ್‌ಗೆ ಡಿಸ್ಕ್ ಕೊಳ್ಳುವವರೇ, ಡೆಮೊ ನೋಡಿ ಸಹಿ ಹಾಕಬೇಡಿ

ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಕೋಪ ಡಿಸ್ಕ್ ಮಾರಿದ ಸಪ್ಲೈಯರ್ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಹನ್ನೆರಡು ವರ್ಷದಿಂದ ಡೇಟಾಬೇಸ್ ನೋಡಿಕೊಳ್ಳುತ್ತಿರುವವಳು ನಾನು. ಕೊಟೇಶನ್‌ಗೆ ಸಹಿ ಹಾಕಿದ್ದೂ ನಾನೇ.

ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸರ್ವರ್ ಹಳೆಯದಾಗಿತ್ತು. ಡೇಟಾ 900 ಜಿಬಿ. ಕೆಲಸ ಜೋರಾದ ಹೊತ್ತಲ್ಲಿ ಸೆಕೆಂಡಿಗೆ 700-800 ಕಮಿಟ್, ಅಂದರೆ ಅಷ್ಟು ಸಲ ಡೇಟಾ ಕಾಯಂ ಆಗಿ ಸೇವ್ ಆಗಬೇಕು. ಸಪ್ಲೈಯರ್ ಹುಡುಗನಿಗೆ ಇಷ್ಟನ್ನೂ ಬರೆದು ಕಳಿಸಿದ್ದೆ. ಅವನ ಕೊಟೇಶನ್ ಬಂತು: 2 ಟಿಬಿ ಎಸ್‌ಎಸ್‌ಡಿ ನಾಲ್ಕು, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ, ಒಂದು ಡಿಸ್ಕಿನಷ್ಟು ಜಾಗವನ್ನು ಪ್ಯಾರಿಟಿ ಎಂಬ ಲೆಕ್ಕಕ್ಕೆ ಬಿಡುವ ಜೋಡಣೆ), 2 ಜಿಬಿ ಕ್ಯಾಶ್ (ತಾತ್ಕಾಲಿಕ ಮೆಮರಿ) ಇರುವ ರೇಡ್ ಕಾರ್ಡ್. "ಆರು ಟಿಬಿ ಸಿಗುತ್ತೆ ಮೇಡಂ, ಇನ್ನೈದು ವರ್ಷ ತಲೆನೋವಿಲ್ಲ." ನಾನೂ ಜಾಗದ ಲೆಕ್ಕ ಹಾಕಿ ಖುಷಿಪಟ್ಟೆ. ಜಾಗ! ಕೊನೆಗೆ ನೋಡಬೇಕಾದ್ದನ್ನು ಮೊದಲು ನೋಡಿದೆ.

ರೇಡ್ 5 ಬೇಡ, ರೇಡ್ 10 (ಪ್ಯಾರಿಟಿ ಬದಲು ಡೇಟಾದ ಎರಡು ಪ್ರತಿ ಇಡುವುದು) ಕೊಡಿ ಅಂತ ನಾನು ಹೇಳಿದ್ದು ನಿಜ. ರೇಡ್ 5ರಲ್ಲಿ ಒಂದು ಚಿಕ್ಕ ರೈಟ್‌ಗೆ ನಾಲ್ಕು ಕೆಲಸ. ಹಳೆ ಡೇಟಾ ಓದಬೇಕು, ಹಳೆ ಪ್ಯಾರಿಟಿ ಓದಬೇಕು, ಆಮೇಲೆ ಹೊಸದಾಗಿ ಎರಡನ್ನೂ ಬರೀಬೇಕು. ಅದಕ್ಕೆ ಅವನು, "ಅದೆಲ್ಲ ಹಾರ್ಡ್‌ಡಿಸ್ಕ್ ಕಾಲದ ಮಾತು ಮೇಡಂ. ಬನ್ನಿ, ಡೆಮೊ ತೋರಿಸ್ತೀನಿ" ಅಂದ.

ಹೋದೆ. ಡಿಸ್ಕ್ ವೇಗ ಅಳೆಯುವ ಎಫ್‌ಐಒ ಓಡಿಸಿದ. ರ‍್ಯಾಂಡಮ್ ರೈಟ್ 60 ಸಾವಿರ ಐಒಪಿಎಸ್, ಅಂದರೆ ಸೆಕೆಂಡಿಗೆ 60 ಸಾವಿರ ರೈಟ್. ನಾನು ಬಾಯಿ ಮುಚ್ಚಿಕೊಂಡೆ. ಸ್ಕ್ರೀನಿನ ಫೋಟೊ ತೆಗೆದು ಅಲ್ಲಿಂದಲೇ ಮ್ಯಾನೇಜರ್‌ಗೆ ಕಳಿಸಿದೆ.

ಮಷೀನ್ ಬಂತು. ಬ್ಯಾಕಪ್ ರಿಸ್ಟೋರ್ ಮಾಡುವಾಗಲೇ ಒಂದು ಸುಳಿವು ಸಿಕ್ಕಿತ್ತು. ಶುರುವಿನಲ್ಲಿ ಓಡಿದ್ದು ಸ್ವಲ್ಪ ಹೊತ್ತಿಗೆ ತೆವಳೋಕೆ ಶುರುಮಾಡಿತು. ನೆಟ್‌ವರ್ಕ್ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮೇಲೆ ಫೋನ್. "ಸೇವ್ ಒತ್ತಿದ್ರೆ ಸುಮ್ನೆ ಸುತ್ತುತ್ತಾ ಇದೆ." ನೋಡಿದರೆ ಸಿಪಿಯುಗೆ ಕೆಲಸವೇ ಇಲ್ಲ. ಡಿಸ್ಕ್ ಮೇಲಿನ ಒತ್ತಡ ತೋರಿಸುವ ಐಒಸ್ಟ್ಯಾಟ್‌ನಲ್ಲಿ ಡಿಸ್ಕ್ 100ಕ್ಕೆ 100 ಬಿಜಿ, ಒಂದೊಂದು ರೈಟ್‌ಗೂ 40 ಮಿಲಿಸೆಕೆಂಡ್. ಸೆಷನ್‌ಗಳೆಲ್ಲ ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ಬರೆಯುವ ಸರದಿಗೆ ಕಾಯ್ತಾ ನಿಂತಿವೆ. ಹಳೆ ಸರ್ವರೇ ಇದಕ್ಕಿಂತ ವಾಸಿ ಇತ್ತು!

ರಾತ್ರಿ ಎಲ್ಲ ನಿಲ್ಲಿಸಿ ನಾನೇ ಟೆಸ್ಟ್ ಮಾಡಿದೆ. 100 ಜಿಬಿ ಫೈಲ್, 8 ಕೆಬಿ ಬ್ಲಾಕ್, ಪ್ರತಿ ರೈಟ್ ಆದಮೇಲೂ ಎಫ್‌ಸಿಂಕ್, ಅಂದರೆ ಬರೆದದ್ದು ಕಾಯಂ ಆಯ್ತು ಅಂತ ಖಾತ್ರಿಯಾಗುವವರೆಗೆ ಕಾಯುವುದು. ಸೆಕೆಂಡಿಗೆ 310. ಸಾವಿರ ಗೀವಿರ ಏನಿಲ್ಲ, ಬರೀ 310. ಏನೋ ತಪ್ಪು ಮಾಡಿದೆ ಅಂದುಕೊಂಡು ಮತ್ತೆ ಓಡಿಸಿದೆ. 305.

ಆಮೇಲೆ ರೇಡ್ ಕಾರ್ಡ್‌ನ ರಿಪೋರ್ಟ್ ತೆಗೆದೆ. ಕ್ಯಾಶ್ ಪಾಲಿಸಿ: ರೈಟ್ ಥ್ರೂ. ಬ್ಯಾಟರಿ: ಆಬ್ಸೆಂಟ್. ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಾಗ ಕ್ಯಾಶ್‌ನಲ್ಲಿದ್ದದ್ದು ಹೋಯ್ತು. ಅದಕ್ಕೇ ಕಾರ್ಡ್ ರೈಟ್‌ಗಳನ್ನು ಇಟ್ಟುಕೊಳ್ಳದೆ ನೇರವಾಗಿ ಡಿಸ್ಕಿಗೆ ದಾಟಿಸುತ್ತಿದೆ. ಹಾಗಾದರೆ ಅವತ್ತಿನ 60 ಸಾವಿರ? ಫೋನ್ ತೆಗೆದು ಆ ಫೋಟೊ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಇತ್ತು. ಟೆಸ್ಟ್ ಫೈಲ್ 1 ಜಿಬಿ. ಸಮಯ 10 ಸೆಕೆಂಡ್. ಕಾರ್ಡ್‌ನ ಕ್ಯಾಶ್ 2 ಜಿಬಿ. ಅವನು ನನಗೆ ತೋರಿಸಿದ್ದು ಡಿಸ್ಕ್‌ನ ವೇಗವೇ ಅಲ್ಲ, ಕಾರ್ಡ್‌ನ ಮೆಮರಿಯ ವೇಗ! ಫೋಟೊ ತೆಗೆದದ್ದು ನಾನೇ, ಅದನ್ನು ಓದದೇ ಇದ್ದದ್ದೂ ನಾನೇ.

ಮುಚ್ಚಳ ತೆಗೆದು ಡ್ರೈವ್ ಹೊರಗೆಳೆದೆ. ಲೇಬಲ್ ನೋಡಿದರೆ ಮನೆ ಪಿಸಿಗೆ ಹಾಕುವ ಮಾಡೆಲ್. ಕೆಪಾಸಿಟರ್ ಇಲ್ಲ. ಸರ್ವರ್ ಡ್ರೈವ್‌ನಲ್ಲಿ ಕರೆಂಟ್ ಹೋದರೂ ಕೈಲಿರುವುದನ್ನು ಬರೆದು ಮುಗಿಸುವಷ್ಟು ಚಾರ್ಜ್ ಇರುತ್ತೆ, ಹಾಗಾಗಿ ಎಫ್‌ಸಿಂಕ್‌ಗೆ ತಕ್ಷಣ "ಆಯ್ತು" ಅನ್ನುತ್ತೆ. ಇದು ಪ್ರತಿ ಸಲ ಫ್ಲ್ಯಾಶ್‌ವರೆಗೂ ಹೋಗಿ ಬರೆದೇ ಬರಬೇಕು.

ಬೆಳಿಗ್ಗೆ ಫೋನ್ ಮಾಡಿದೆ.

"ಎಸ್‌ಎಸ್‌ಡಿ ಅಂದ್ರೆ ಎಸ್‌ಎಸ್‌ಡಿನೇ ಅಲ್ವಾ ಮೇಡಂ? ಕೊಟೇಶನ್‌ನಲ್ಲಿ ಮಾಡೆಲ್ ನಂಬರ್ ಎಲ್ಲಿದೆ ಹೇಳಿ."

ಇರಲಿಲ್ಲ.

"ಬ್ಯಾಟರಿ?"

"ಅದು ಆಪ್ಷನಲ್. ನೀವು ಕೇಳ್ಲೇ ಇಲ್ಲ."

"ಡೆಮೊದಲ್ಲಿ ರೈಟ್ ಬ್ಯಾಕ್ ಹಾಕಿ ರೈಟ್‌ಗಳನ್ನು ಕ್ಯಾಶ್‌ನಲ್ಲೇ ಇಟ್ಕೊಂಡಿದ್ರಲ್ಲ?"

"ಅದು ನಮ್ಮ ಡೆಮೊ ಸೆಟಪ್ ಮೇಡಂ. ಬೇಕಾದ್ರೆ ನೀವೂ ಹಾಕ್ಕೊಳ್ಳಿ, ಬ್ಯಾಟರಿ ಇಲ್ದೇನೂ ಆಗುತ್ತೆ."

ಆಗುತ್ತೆ! ಕೇಳಲಿಲ್ಲವಂತೆ ನಾನು! ಸಂಜೆ ಅವರ ಎಂಜಿನಿಯರ್ ಮೇಲ್ ಬಂತು. "ಡೇಟಾಬೇಸ್‌ನಲ್ಲಿ ಎಫ್‌ಸಿಂಕ್ ಅಂತ ಸೆಟ್ಟಿಂಗ್ ಇದೆ, ಆಫ್ ಮಾಡಿ, ಸ್ಪೀಡ್ ಸರಿಹೋಗುತ್ತೆ." ಮೂರು ಸಲ ಓದಿದೆ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಒಮ್ಮೆ ಕರೆಂಟ್ ಕೈಕೊಟ್ಟರೆ ಡೇಟಾಬೇಸ್ ರಿಪೇರಿಗೂ ಸಿಗದ ಹಾಗೆ ಹಾಳಾಗಬಹುದು. ಸಿಂಕ್ರೊನಸ್ ಕಮಿಟ್ (ಕಮಿಟ್ ಡಿಸ್ಕಿಗೆ ಹೋಗುವವರೆಗೆ ಕಾಯುವ ಸೆಟ್ಟಿಂಗ್) ಆಫ್ ಮಾಡುವುದು ಬೇರೆ ವಿಷಯ. ಅದರಲ್ಲಿ ಕೊನೆಯ ಕೆಲವು ಕಮಿಟ್‌ಗಳು ಹೋಗಬಹುದು, ಡೇಟಾಬೇಸ್ ಕೆಡಲ್ಲ. ನಾನು ಅದನ್ನು ಲಾಗ್ ಟೇಬಲ್‌ಗೆ ಬರೆಯುವ ಕಡೆ ಮಾತ್ರ ಹಾಕಿ ಎರಡು ದಿನ ತಳ್ಳಿದೆ. ಆಮೇಲೆ ಸೋತು ಹಳೆ ಸರ್ವರ್‌ಗೇ ವಾಪಸ್ ಹೋದೆವು.

ನೀವು ಕೊಳ್ಳುವವರಾದರೆ ಡ್ರೈವ್‌ನ ಮಾಡೆಲ್ ನಂಬರ್, ಕಾರ್ಡ್‌ನ ಬ್ಯಾಟರಿ ಎರಡನ್ನೂ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಅವರ ಡೆಮೊ ಅವರಿಗೇ ಇರಲಿ. ನಿಮ್ಮ ಕೈಗೆ ಬಂದ ಮಷೀನ್ ಮೇಲೆ, ಕ್ಯಾಶ್‌ಗಿಂತ ಹತ್ತಾರು ಪಟ್ಟು ದೊಡ್ಡ ಫೈಲ್ ಇಟ್ಟು, ಎಫ್‌ಸಿಂಕ್ ಹಾಕಿ, ಕಡಿಮೆ ಅಂದರೂ ಅರ್ಧ ಗಂಟೆ ಓಡಿಸಿ. ಆಮೇಲೆ ದುಡ್ಡು ಕೊಡಿ. ಸಿಹಿ ಮಾತಾಡುವ ಹುಡುಗರನ್ನಂತೂ ನಾನು ಇನ್ನು ನಂಬಲ್ಲ.

ವಾಪಸ್ ತಗೊಳ್ಳಿ ಅಂದರೆ "ಸೀಲ್ ಒಡೆದಿದೆ" ಅನ್ನುತ್ತಿದ್ದಾರೆ. ನಿನ್ನೆ ಮ್ಯಾನೇಜರ್ ಕರೆದು ತಮ್ಮ ಫೋನಿನಲ್ಲಿದ್ದ ಆ ಫೋಟೊ ತೋರಿಸಿದರು. "ಇದರಲ್ಲಿ 60 ಸಾವಿರ ಅಂತ ಇದೆಯಲ್ಲಮ್ಮ?" ಬುಧವಾರದ ಮೀಟಿಂಗ್‌ನಲ್ಲಿ ಇದನ್ನೇ ಎಲ್ಲರ ಮುಂದೆ ವಿವರಿಸಬೇಕಂತೆ.