ಬ್ರಯಾನ್ ಡಾಲರೋ, 1837ರ ತಾಮ್ರದ ಬಿಲ್ಲೆಯೋ?

ಹಣಕಾಸಿನ ಕುಸಿತವನ್ನು ಲೇವಡಿ ಮಾಡುವ ಹಳೆಯ ಪದಕಗಳಲ್ಲಿ ನನ್ನ ಓಟು ಅಮೆರಿಕದ ‘ಹಾರ್ಡ್ ಟೈಮ್ಸ್’ ತಾಮ್ರದ ಬಿಲ್ಲೆಗಳಿಗೆ. 1896ರ ಬ್ರಯಾನ್ ಡಾಲರ್, ಅಂದರೆ ಬೆಳ್ಳಿ ನಾಣ್ಯ ಹೆಚ್ಚಿಸಬೇಕೆಂದ ಅಮೆರಿಕದ ಅಧ್ಯಕ್ಷ ಅಭ್ಯರ್ಥಿ ಬ್ರಯಾನ್‌ನನ್ನು ಅಣಕಿಸುವ ಪದಕ, ನೋಡಲು ಭರ್ಜರಿ, ಕಾಪಾಡುವುದು ಕಷ್ಟ.

1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಚಿನ್ನ, ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಜನ ನಾಣ್ಯಗಳನ್ನು ಬಚ್ಚಿಟ್ಟರು. ಚಿಲ್ಲರೆಯ ಜಾಗದಲ್ಲಿ ಈ ಬಿಲ್ಲೆಗಳು ಓಡಿದವು. ಅಗಲ ಸುಮಾರು 28 ಮಿ.ಮೀ., ಅಂದಿನ ದೊಡ್ಡ ಸೆಂಟಿನಷ್ಟೇ. ಮೊದಲು ಕೊಳ್ಳಬೇಕಾದ್ದು ಆಮೆ-ಕತ್ತೆಯದು: ಒಂದು ಬದಿ ಖಜಾನೆ ಪೆಟ್ಟಿಗೆ ಹೊತ್ತ ಆಮೆ, ಇನ್ನೊಂದು ಬದಿ ‘ನನ್ನ ಘನ ಪೂರ್ವಾಧಿಕಾರಿಯ ಹೆಜ್ಜೆಯಲ್ಲೇ ನಡೆಯುತ್ತೇನೆ’ ಎನ್ನುವ ಕತ್ತೆ. ಹಿಂದಿನ ಅಧ್ಯಕ್ಷ ಜಾಕ್ಸನ್ ಹಾದಿ ಹಿಡಿದ ಅಂದಿನ ಅಧ್ಯಕ್ಷ ವಾನ್ ಬ್ಯೂರನ್‌ಗೆ ಕೊಟ್ಟ ಏಟು ಅದು. ಸವೆದದ್ದಾದರೂ ಅಕ್ಷರ ಓದುವಂತಿದ್ದರೆ ಸಾಕು, ಅಗ್ಗಕ್ಕೆ ಸಿಗುತ್ತದೆ. ಹುಣಸೆಹಣ್ಣು ಮಾತ್ರ ಹಚ್ಚಬೇಡಿ.

ಬ್ರಯಾನ್ ಡಾಲರಿನಲ್ಲಿ ಬೆಳ್ಳಿ ಸಾಮಾನಿನ ಗೋರ್ಹಾಮ್ ಕಂಪನಿಯ ಬೆಳ್ಳಿಯದು ಅಚ್ಚುಕಟ್ಟು. ಸರ್ಕಾರಿ ಬೆಳ್ಳಿ ಡಾಲರಿನ ತೂಕ 412.5 ಗ್ರೇನ್, ಇದರದು 823 ಗ್ರೇನ್, ಅಂದರೆ ಸುಮಾರು 53 ಗ್ರಾಂ. ಒಂದು ಚಿನ್ನದ ಡಾಲರಿಗೆ ಎಷ್ಟು ಬೆಳ್ಳಿ ಬರುತ್ತಿತ್ತೆಂದು ತೂಕದಲ್ಲೇ ತೋರಿಸುವ ವಾದ. ಬೆಲೆ ನನ್ನ ಬಜೆಟ್ಟಿಗೆ ಮೀರಿದ್ದು.

ಕೈಗೆಟಕುವವು ‘ಉಳಿದ ಸೆಂಟುಗಳಿಗೆ ದೇವರ ಮೇಲೆ ಭಾರ’ ಎಂಬ ಧಾಟಿಯ ಎರಕದವು; ಸರ್ಕಾರಿ ಡಾಲರಿನಲ್ಲಿರುವುದು ಅರ್ಧ ಡಾಲರಿನಷ್ಟೇ ಬೆಳ್ಳಿ ಎಂಬ ಕುಚೋದ್ಯ ಅದು. ತೊಡಕಿರುವುದು ಇಲ್ಲೇ. ಇವುಗಳಲ್ಲಿ ಬಹಳಷ್ಟು ಸೀಸ ಬೆರೆತವು. ಮರ, ಪ್ಲೈವುಡ್, ರಟ್ಟಿನಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ತೇವವೂ ಸೇರಿದರೆ ಬಿಳಿ ಪುಡಿ ಏಳುತ್ತದೆ. ಅಕ್ಷರಗಳ ಸಂದಿಯಲ್ಲೂ ಅಂಚಿನಲ್ಲೂ ಅದು ಇರಬಹುದು. ಆದ್ದರಿಂದ ಕೊಳ್ಳುವ ಮುನ್ನ ಆ ಎರಡರ ಹತ್ತಿರದ ಫೋಟೊ ಕೇಳಿ.

ಪುಡಿಯನ್ನು ಉಜ್ಜಿದರೆ ಚಿತ್ರವೂ ಹೋಗುತ್ತದೆ, ಆ ಧೂಳು ವಿಷವೂ ಹೌದು. ನಿಂಬೆ, ವಿನೆಗರ್ ತಾಗಿಸಿದರೆ ಸವೆತ ಇನ್ನೂ ಜೋರು. ಕೈಗವಸು ಹಾಕಿ ಪಾಲಿಯೆಸ್ಟರ್ ಹಾಳೆಯ ಚೀಲಕ್ಕೆ ಇಳಿಸಿ, ಸಿಲಿಕಾ ಜೆಲ್ ಜೊತೆ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿ ಬೇರೆಯೇ ಇಡಿ. ಪಿವಿಸಿ ಚೀಲ ಬೇಡ. ಅದು ತಾಮ್ರಕ್ಕೂ ಹಸಿರು ಅಂಟು ಹಿಡಿಸುತ್ತದೆ.

1923ರ ಜರ್ಮನ್ ಹಣದುಬ್ಬರದ ಪದಕದಲ್ಲಿ ಒಂದು ಪೌಂಡ್ ಬ್ರೆಡ್ಡಿಗೆ 300 ಕೋಟಿ, ಒಂದು ಗ್ಲಾಸ್ ಬಿಯರಿಗೆ 400 ಕೋಟಿ ಮಾರ್ಕ್. ಅದರಲ್ಲಿ ಲೇವಡಿಗಿಂತ ಗೋಳೇ ಹೆಚ್ಚು.

ಸಂಗ್ರಹವನ್ನು ಮರದ ಬೀರುವಿನಲ್ಲಿಟ್ಟು, ಬೇಕೆಂದಾಗ ತೆಗೆದು ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ನನ್ನದು. ಅದಕ್ಕೆ ಸೀಸ ಹೊಂದುವುದಿಲ್ಲ. ಒಂದು ಗೋರ್ಹಾಮ್ ಬೆಳ್ಳಿಯ ದುಡ್ಡಿನಲ್ಲಿ 1837ರ ಬಿಲ್ಲೆಗಳು ಹಲವು ಬರುತ್ತವೆ.