ಕಡಲ ಜೀವಿಗಳ ಮಾದರಿ ಪೆಟ್ಟಿಗೆ: ನಕ್ಷತ್ರಮೀನು ಸೊಗಸು, ನಂಗು ಮೀನು ತಪ್ಪು

ಮಲ್ಪೆಯ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಾಣಿಗಳ ದೇಹದ ಸಮಮಿತಿಯನ್ನು, ಅಂದರೆ ದೇಹ ಒಂದೇ ತೆರನ ಪಾಲುಗಳಾಗಿ ಹೇಗೆ ಭಾಗವಾಗುತ್ತದೆ ಎಂಬುದನ್ನು, ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿ ಸಾಕಾಗಿ, ಈ ವರ್ಷ ಎಂಟು ರಬ್ಬರ್ ಮಾದರಿಗಳಿರುವ ಪೆಟ್ಟಿಗೆಯನ್ನು 1,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದೆ. ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಕ್ಷತ್ರಮೀನೊಂದರಿಂದಲೇ ಕೊಟ್ಟ ಹಣ ಸಾರ್ಥಕವಾಯಿತು. ಅಡಿಯಲ್ಲಿ ನಟ್ಟನಡುವೆ ಬಾಯಿ, ಅಲ್ಲಿಂದ ಐದೂ ತೋಳುಗಳ ಉದ್ದಕ್ಕೆ ತೋಡು, ತೋಡಿನೊಳಗೆ ನಳಿಕೆ ಪಾದಗಳ ಸಾಲು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ಬೆನ್ನಿನ ಮೇಲೆ, ಎರಡು ತೋಳುಗಳ ಸಂದಿನತ್ತ ಸರಿದು ಕೂತಿರುವ ಜರಡಿಯಂಥ ಪುಟ್ಟ ಬಿಲ್ಲೆಯನ್ನೂ ಮರೆತಿಲ್ಲ. ಐದು ಸಮಪಾಲು ಎಂಬ ಲೆಕ್ಕ ಕೆಡುವುದು ಅಲ್ಲಿಯೇ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯೊಬ್ಬಳು, "ಟೀಚರ್, ಇದು ಒಂದು ಕಡೆ ಮಾತ್ರ ಇದೆಯಲ್ಲ?" ಎಂದಳು. ಮರಿಯಾಗಿದ್ದಾಗ ನಕ್ಷತ್ರಮೀನಿಗೂ ನಮ್ಮಂತೆ ಎಡ, ಬಲ ಇರುತ್ತದೆ, ಬೆಳೆಯುತ್ತ ಐದರ ಆಕಾರಕ್ಕೆ ತಿರುಗುತ್ತದೆ ಎಂದು ಹೇಳಿದಾಗ ಇಡೀ ತರಗತಿ ಆ ಬಿಲ್ಲೆಯನ್ನು ಮುಟ್ಟಿ ನೋಡಲು ಮುಗಿಬಿತ್ತು.

ಕಡಲ ಸೌತೆಯೂ ಚೆನ್ನಾಗಿದೆ. ಮೇಲ್ನೋಟಕ್ಕೆ ಹುಳುವಿನಂತೆ ಉದ್ದವಾಗಿದ್ದರೂ ಬಾಯಿಯ ಕಡೆಯಿಂದ ನೋಡಿದರೆ ಮತ್ತೆ ಅದೇ ಐದು. ಲೋಳೆಮೀನು, ಸ್ಪಂಜು, ಏಡಿಗಳಲ್ಲಿ ಕೊರತೆಯೇನಿಲ್ಲ.

ಬೇಸರವಾದದ್ದು ಚಪ್ಪಟೆ ಮೀನಿನಿಂದ. ನಮ್ಮ ಕಡೆ ಅದನ್ನು ನಂಗು ಎನ್ನುತ್ತೇವೆ. ಪೆಟ್ಟಿಗೆಯ ನಂಗಿಗೆ ಪಕ್ಕಕ್ಕೊಂದು ಕಣ್ಣು! ಮೀನುಗಾರರ ಮಕ್ಕಳ ಮುಂದೆ ಅದನ್ನು ಹಿಡಿದು ನಿಂತಾಗ ನನಗೆ ಬಹಳ ಸಂಕಟವಾಯಿತು. ಮರುದಿನ ಹುಡುಗನೊಬ್ಬ ಮನೆಯಿಂದ ನಿಜವಾದ ನಂಗನ್ನೇ ಬಾಳೆಲೆಯಲ್ಲಿ ಸುತ್ತಿ ತಂದ. ಎಡಮೈ ಕಂದು, ಎರಡು ಪುಟ್ಟ ಕಣ್ಣುಗಳೂ ಅಲ್ಲಿಯೇ. ಮರಳಿಗೆ ತಾಗುವ ಬಲಮೈ ಬಿಳಿ, ಕುರುಡು. ಹುಟ್ಟುವಾಗ ಎರಡೂ ಬದಿ ಸಮನಾಗಿದ್ದ ಮರಿಯ ಒಂದು ಕಣ್ಣು ಬೆಳೆಯುತ್ತ ಆಚೆ ಬದಿಗೆ ಸಾಗಿಹೋಗುತ್ತದೆ. ಆ ಮೀನನ್ನು ಈ ಪೆಟ್ಟಿಗೆಯಲ್ಲಿ ಸೇರಿಸುವುದೇ ಅದಕ್ಕಾಗಿ. ಮಾರಾಟಗಾರರಿಗೆ ಫೋಟೊ ಸಹಿತ ಬರೆದೆ; ವಿನ್ಯಾಸವೇ ಹಾಗೆ ಎಂಬ ಉತ್ತರ ಬಂತು. ಮಕ್ಕಳ ಕೈಗೆ ಕೊಡುವ ವಸ್ತುವಿನಲ್ಲಿ ಈ ಉದಾಸೀನ ಸಲ್ಲದು.

ಆದರೂ ಶಿಕ್ಷಕರು ಕೊಳ್ಳಬಹುದು. ನಂಗನ್ನು ಮಾತ್ರ ತೆಗೆದಿಟ್ಟು, ಆ ದಿನ ಮೀನು ಮಾರುಕಟ್ಟೆಯಿಂದ ಒಂದನ್ನು ತನ್ನಿ.